ಅಕ್ಕನ ಹಾಳೆಗೆ ಸೇರಿಸಿದ್ದು

ದೊಡ್ಡವಳು ಹೋದ ಮೇಲೆ ಆ ಮನೆಯಲ್ಲಿ ಊಟಕ್ಕೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪ ತಟ್ಟೆಯಲ್ಲಿದ್ದದ್ದನ್ನು ತಿಂದು ಏಳುತ್ತಿದ್ದ. ಚಿಕ್ಕವಳು ಅರ್ಧ ತಿಂದು ಉಳಿದರ್ಧ ಮುಚ್ಚಿಡುತ್ತಿದ್ದಳು. ಅಮ್ಮ ಎಲ್ಲರಿಗೂ ಬಡಿಸಿ, ತನ್ನ ತಟ್ಟೆ ಮುಂದಿಟ್ಟುಕೊಂಡು ಕೂತು, ಎಲ್ಲರೂ ಎದ್ದ ಮೇಲೆ ಅದನ್ನು ಹಾಗೇ ಪಾತ್ರೆಗೆ ಸುರಿದುಬಿಡುತ್ತಿದ್ದಳು. ಕೊನೆಗೊಂದು ದಿನ ಅಜ್ಜಿ, ಅಂದರೆ ಅಪ್ಪನ ಅಮ್ಮ, ತಟ್ಟೆ ಸರಿಸಿ, ಹೋದವಳು ಹೋದಳು, ಇರುವವರನ್ನು ಉಪ್ಪು ಹಾಕಿ ಸಾಯಿಸಬೇಡ ಎಂದುಬಿಟ್ಟಳು. ಅಜ್ಜಿಯ ಬಾಯಿಗೆ ಬ್ರೇಕು ಎಂಬುದಿಲ್ಲ. ಆದರೆ ಸೊಸೆ ಅದಕ್ಕೂ ತುಟಿ ಬಿಚ್ಚಲಿಲ್ಲ. ಅದು ಅಜ್ಜಿಗೇ ಹೆದರಿಕೆ ಹುಟ್ಟಿಸಿತು. ಸೊಸೆ ತಿರುಗಿಬೀಳಲಿ, ಒಂದು ಜಗಳವಾದರೂ ಆಗಲಿ ಎಂದೇ ಮುದುಕಿ ಆ ಮಾತು ಆಡಿದ್ದು.

ಅವರದು ಮಹಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸದವನು. ಊರು ಏಳುವ ಮೊದಲು ಹೋಗಿ, ಊರು ಕೆಲಸಕ್ಕೆ ಹೊರಟ ಮೇಲೆ ಮುಂಗೈಗೆಲ್ಲ ಮೈದಾ ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಅಮ್ಮ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಹಾಕಿಕೊಂಡು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತ ಜಿಪ್ ಬದಲಿಸುವುದು, ದಪ್ಪಗಾದವರಿಗೆ ರವಿಕೆ ಸಡಿಲ ಮಾಡಿಕೊಡುವುದು, ಇಂಥ ಕೆಲಸ ಮಾಡುತ್ತಿದ್ದಳು. ದೊಡ್ಡವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸಕ್ಕಿದ್ದಳು. ಮದುವೆಯ ಮಾತು ಬಂದಾಗಲೆಲ್ಲ, ಮೊದಲು ನನ್ನ ಪಟ್ಟಿ ಮುಗೀಲಿ ಎಂದು ನಗುತ್ತಿದ್ದಳು. ಬರಿಯ ಜ್ವರವೆಂದು ಆಸ್ಪತ್ರೆ ಸೇರಿದವಳು, ಜ್ವರ ರಕ್ತಕ್ಕಿಳಿದು, ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು. ಚಿಕ್ಕವಳಿಗೆ ಆಗ ಕಾಲೇಜಿನ ಎರಡನೆಯ ವರ್ಷ.

ಪಟ್ಟಿ ಎಂದರೆ ಓದಬೇಕಾದ ಪುಸ್ತಕಗಳ ಪಟ್ಟಿ. ಅದು ದೊಡ್ಡವಳೇ ಮನೆಗೆ ತಂದ ಪದ್ಧತಿ. ಫ್ರಿಜ್ಜಿನ ಪಕ್ಕದ ಮೈಗೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಉದ್ದ ಹಾಳೆ ಅಂಟಿಸಿದ್ದಳು. ಯಾರಿಗೆ ಯಾವ ಪುಸ್ತಕ ಓದಬೇಕೆನ್ನಿಸುತ್ತದೋ ಅದನ್ನು ಅವರವರ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು. ಒಬ್ಬರ ಹಾಳೆಯಲ್ಲಿರುವುದನ್ನು ಇನ್ನೊಬ್ಬರು ಓದಬಹುದು, ಓದಿದರೆ ಪಕ್ಕದಲ್ಲಿ ಗುರುತು ಹಾಕಬೇಕು, ಊಟದ ಹೊತ್ತಿಗೆ ಅದರ ಬಗ್ಗೆ ಎರಡು ಮಾತು ಹೇಳಬೇಕು. ಇದು ಅವಳ ಕಾನೂನು. ಅಪ್ಪ ತನ್ನ ಹಾಳೆಯಲ್ಲಿ 'ದಿನಪತ್ರಿಕೆ' ಎಂದು ಬರೆದು ಕೈತೊಳೆದುಕೊಂಡಿದ್ದ. ಅಜ್ಜಿ, ನನಗೆ ಮೊದಲು ಕಣ್ಣು ಕೊಡಿಸು, ಆಮೇಲೆ ಪುಸ್ತಕ ಕೊಡಿಸು ಎಂದು ಮೊಮ್ಮಗಳಿಂದಲೇ ಒಂದು ಕನ್ನಡಕ ಗಿಟ್ಟಿಸಿಕೊಂಡು, ಅದನ್ನು ಹಾಕಿಕೊಂಡು ಬೀದಿ ನೋಡುತ್ತಿದ್ದಳು. ಅಮ್ಮನ ಹಾಳೆ ಖಾಲಿ. ಓದುವುದಕ್ಕೆ ಪುರುಸೊತ್ತು ಎಲ್ಲಿದೆ ಎಂಬುದು ಅವಳ ಒಂದೇ ಉತ್ತರ. ಹಾಳೆ ತುಂಬ ಬರೆದಿದ್ದವರು ಅಕ್ಕತಂಗಿ ಇಬ್ಬರೇ, ಅದೂ ಒಬ್ಬರದು ಇನ್ನೊಬ್ಬರಿಗೆ ಆಗದು. ದೊಡ್ಡವಳಿಗೆ ಜೇನುನೊಣ, ನಕ್ಷತ್ರ, ಮರುಭೂಮಿ, ಗಾಜು ಕಂಡುಹಿಡಿದವರು, ಇಂಥದ್ದೇ ಬೇಕು. ಚಿಕ್ಕವಳಿಗೆ ಮನುಷ್ಯರು ಕಿತ್ತಾಡಬೇಕು, ನಗಬೇಕು, ಯಾರಾದರೂ ಯಾರಿಗಾದರೂ ಮೋಸ ಮಾಡಬೇಕು. ನಿನ್ನದು ಬರೀ ಹರಟೆ ಎಂದು ಅಕ್ಕ, ನಿನ್ನದು ಪಾಠದ ಪುಸ್ತಕ ಎಂದು ತಂಗಿ.

ಅಮ್ಮ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಫ್ರಿಜ್ಜಿನ ಕಡೆ ಹೋದವಳು ದೊಡ್ಡವಳ ಹಾಳೆಯ ಮುಂದೆ ನಿಂತುಬಿಟ್ಟಳು. ಹಾಲು ಉಕ್ಕಿ ಒಲೆಯೆಲ್ಲ ಸೀದ ವಾಸನೆ ಬಂದರೂ ನಿಂತೇ ಇದ್ದಳು. ಹಾಳೆಯಲ್ಲಿ ಗುರುತು ಬೀಳದ ಸಾಲುಗಳು ಏಳೆಂಟು ಉಳಿದಿದ್ದವು. ಅವತ್ತು ಸಂಜೆ ಚಿಕ್ಕವಳನ್ನು ಕರೆದು, ಲೈಬ್ರರಿಗೆ ಹೋದರೆ ಇದರಲ್ಲಿ ಮೊದಲನೆಯದು ಸಿಗುತ್ತದಾ ಕೇಳಿ ತಾ ಎಂದಳು.

"ಜೇನಿನ ಪುಸ್ತಕಾನಾ? ನೀನು ಓದ್ತೀಯಾ?"

"ಅವಳು ಓದಬೇಕು ಅಂತಿದ್ದಳಲ್ಲ. ಅವಳ ಬದಲು ನಾನು ಓದ್ತೀನಿ."

ಹೀಗೆ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಮುಗಿಸದವಳು ಜೇನುಗೂಡಿನ ಒಳಗೆ ರಾಣಿ ಎಲ್ಲಿರುತ್ತಾಳೆಂದು ಬೆರಳಿಟ್ಟು ಓದತೊಡಗಿದಳು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಯಂತ್ರದ ಮೇಲೆ ಅರ್ಧ ಹೊಲಿದ ಪ್ಯಾಂಟು ಹಾಗೇ ಕೂತಿರುತ್ತಿತ್ತು. ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಶಾಲೆಯ ಮೇಡಮ್ಮೊಬ್ಬರು ತಮ್ಮ ಬಟ್ಟೆಯನ್ನೆಲ್ಲ ವಾಪಸ್ ಹೊತ್ತುಕೊಂಡು ಹೋದರು. ಅಜ್ಜಿಗೆ ತಡೆಯಲಾಗಲಿಲ್ಲ. ಹೊಲಿಯೋ ಕೈಗೆ ಪುಸ್ತಕ ಕೊಟ್ಟು ಮನೆ ನಡೆಸ್ತೀರಾ ಎಂದು ಮಗನನ್ನು ಹಿಡಿದು ಝಾಡಿಸಿದಳು. ಅಪ್ಪ ಮಾತ್ರ, ಅವಳು ಊಟ ಮಾಡ್ತಿದ್ದಾಳೆ, ನೋಡಿದ್ಯಾ ಎಂದ.

ಅದು ನಿಜವಾಗಿತ್ತು. ಅಮ್ಮ ಊಟ ಮಾಡುತ್ತಿದ್ದಳು. ದೊಡ್ಡವಳ ಕಾನೂನಿನ ಪ್ರಕಾರ ಎರಡು ಮಾತನ್ನೂ ಆಡುತ್ತಿದ್ದಳು. ಒಂದು ಗೂಡಿನ ನೊಣ ಇನ್ನೊಂದು ಗೂಡಿಗೆ ಹೋದರೆ ಕಾವಲಿನವು ಒಳಗೆ ಬಿಡುವುದಿಲ್ಲವಂತೆ, ಆದರೆ ಮಕರಂದ ಹೊತ್ತುಕೊಂಡು ಬಂದರೆ ಬಿಡುತ್ತವಂತೆ. ಹೇಳುವಾಗ ಅವಳ ಮುಖದಲ್ಲಿ, ಮಗಳ ಫೋನು ಬಂದಿತ್ತು, ಚೆನ್ನಾಗಿದ್ದಾಳಂತೆ ಎನ್ನುವ ತಾಯಿಯ ಕಳೆ ಇರುತ್ತಿತ್ತು. ಅವಳಿಗೆ ಅದು ಪುಸ್ತಕವಲ್ಲ, ದೊಡ್ಡವಳಿಂದ ಬಂದ ಸುದ್ದಿ. ಅಜ್ಜಿ ಕೂಡ, ಹಾಗಾದರೆ ನೊಣಕ್ಕೂ ಲಂಚ ಬೇಕು ಅನ್ನು ಎಂದು ತನ್ನ ಪಾಲಿನ ಮಾತು ಸೇರಿಸಿದಳು.

ಇದನ್ನೆಲ್ಲ ನೋಡಿ ಚಿಕ್ಕವಳಿಗೆ ಖುಷಿಯಾಯಿತು, ಆಸೆಯೂ ಹುಟ್ಟಿತು. ಅವಳ ಆಸೆ ದೊಡ್ಡದೇನಲ್ಲ. ಅಮ್ಮ ತನ್ನ ಹಾಳೆಯಿಂದಲೂ ಒಂದು ಪುಸ್ತಕ ಓದಲಿ, ತನ್ನ ಜೊತೆಗೂ ಹಾಗೆ ಮಾತಾಡಲಿ, ಅಷ್ಟೆ. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಕೂಡ ಕೇಳಿರಲಿಲ್ಲ. ಪಶುವೈದ್ಯನೊಬ್ಬ ಬೀದಿಯ ಬೆಕ್ಕುಗಳ ಹಿಂದೆ ಬಿದ್ದು ಪಡುವ ಫಜೀತಿಯ ಕಥೆಯೊಂದನ್ನು ಅವಳು ತಂದು ಅಮ್ಮನ ಯಂತ್ರದ ಮೇಲಿಟ್ಟಳು. ತುಂಬ ಸುಲಭ ಇದೆ, ನಗು ಬರುತ್ತೆ ಎಂದಳು. ಆಮೇಲೆ ನೋಡೋಣ ಪುಟ್ಟಿ, ಇವಳದು ಮುಗೀಲಿ ಎಂದು ಅಮ್ಮ ಅದನ್ನು ಸರಿಸಿ, ಅದರ ಮೇಲೆ ಬಟ್ಟೆಯ ಕಟ್ಟು ಇಟ್ಟಳು. ಲೈಬ್ರರಿಯ ಗಡುವು ಮುಗಿಯಿತು, ಚಿಕ್ಕವಳು ಬಟ್ಟೆಯ ಅಡಿಯಿಂದ ಪುಸ್ತಕ ಎಳೆದು ವಾಪಸ್ ಕೊಟ್ಟುಬಂದಳು. ಇನ್ನೊಂದು ತಂದಳು, ಅದಕ್ಕೂ ಇದೇ ಗತಿಯಾಯಿತು. ಮೂರನೆಯದು ತರಲಿಲ್ಲ.

ನಕ್ಷತ್ರದ್ದು, ಮರುಭೂಮಿಯದ್ದು, ಗಾಜಿನದ್ದು ಎಲ್ಲವೂ ಒಂದೊಂದಾಗಿ ಮುಗಿದವು. ಕೊನೆಯದರ ಹೊತ್ತಿಗೆ ಅಮ್ಮನ ಓದು ನಿಧಾನವಾಯಿತು. ದಿನಕ್ಕೊಂದು ಪುಟ ಓದುವಳು. ಆಮೇಲೆ ನಿನ್ನೆ ಓದಿದ ಪುಟವನ್ನೇ ಇವತ್ತೂ ಓದುವಳು. ಆ ಪುಸ್ತಕ ಹಡಗು ಕಟ್ಟುವವರ ಬಗ್ಗೆ ಇತ್ತು. ಹಡಗಿನ ತಳಕ್ಕೆ ಹಲಗೆ ಜೋಡಿಸುವ ಕಡೆಗೆ ಬಂದು ನಿಂತದ್ದು ಅಲ್ಲಿಂದ ಕದಲಲೇ ಇಲ್ಲ. ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಅದು ಮುಗಿದರೆ ದೊಡ್ಡವಳ ಹಾಳೆ ಮುಗಿಯುತ್ತದೆ. ತಟ್ಟೆ ಮತ್ತೆ ಹಾಗೇ ಪಾತ್ರೆಗೆ ಹೋಗತೊಡಗಿತು. ಊರವರ ರವಿಕೆ ಸಡಿಲ ಮಾಡಿಕೊಡುವವಳ ರವಿಕೆಯೇ ಭುಜದಿಂದ ಜಾರುತ್ತಿತ್ತು. ಅಪ್ಪ ಬೇಕರಿಯಿಂದ ಅವಳಿಗೆ ಇಷ್ಟದ ಸಿಹಿ ಬನ್ನು ತಂದಿಟ್ಟರೆ, ಅದು ಗಟ್ಟಿಯಾಗಿ ಅಜ್ಜಿಯ ಚಹಾದಲ್ಲಿ ಮುಳುಗುವವರೆಗೂ ಅಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ, ಅಮ್ಮ ಗುಂಡಿ ತರಲು ಅಂಗಡಿಗೆ ಹೋಗಿದ್ದಾಗ, ಚಿಕ್ಕವಳು ಪೆನ್ಸಿಲ್ ತೆಗೆದುಕೊಂಡು ಅಕ್ಕನ ಹಾಳೆಯ ಕೆಳಗೆ ಒಂದು ಸಾಲು ಬರೆದಳು. ಬೆಕ್ಕಿನ ಡಾಕ್ಟರರ ಪುಸ್ತಕ. ಅಕ್ಷರದ ಚಿಂತೆ ಇರಲಿಲ್ಲ. ಚಿಕ್ಕವಳ ಕೈ ಹಿಡಿದು ಬರೆಸಿದವಳೇ ಅಕ್ಕ, ಇಬ್ಬರ ಬರವಣಿಗೆಯೂ ಒಂದೇ ಕಡೆಗೆ ವಾಲುತ್ತಿತ್ತು. ಬರೆದು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅಪ್ಪ. ನಿದ್ದೆಯಿಂದ ಎದ್ದು ನೀರು ಕುಡಿಯಲು ಬಂದಿದ್ದ. ಅಪ್ಪ ಹಾಳೆ ನೋಡಿದ, ಪೆನ್ಸಿಲ್ ನೋಡಿದ, ನೀರು ಕುಡಿದ, ಲೋಟ ತೊಳೆದಿಟ್ಟ, ಹೋಗಿ ಮಲಗಿದ. ಆ ಮನುಷ್ಯ ಹಾಗೆಯೇ. ಮಾತಾಡಬೇಕಾದಲ್ಲೆಲ್ಲ ಲೋಟ ತೊಳೆಯುತ್ತಾನೆ.

ಅಮ್ಮನಿಗೆ ಅದು ಕಂಡದ್ದು ಮರುದಿನ. ಮೊಟ್ಟೆ ತೆಗೆಯಲು ಹೋದವಳು ಕೂಗಿದಳು. ಎಲ್ಲರೂ ಏನಾಯಿತೋ ಎಂದು ಓಡಿದರು.

"ಇಲ್ಲಿ ನೋಡ್ರೀ, ಇನ್ನೂ ಒಂದಿದೆ. ನಾನು ನೋಡೇ ಇರಲಿಲ್ಲ. ಕೆಳಗಡೆ ಹೋಗಿ ಬರ್ಕೊಂಡಿದ್ದಾಳೆ."

ಅಪ್ಪ, ಹೌದಲ್ಲ ಎಂದ.

ಹಡಗಿನ ಪುಸ್ತಕ ಎರಡೇ ದಿನದಲ್ಲಿ ಮುಗಿಯಿತು. ಬೆಕ್ಕಿನ ಡಾಕ್ಟರರನ್ನು ಅಮ್ಮ ಓದಿದ್ದನ್ನು ನೋಡಬೇಕಿತ್ತು. ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಬೆಕ್ಕು ಡಾಕ್ಟರರ ಅತ್ತೆಯ ಟೋಪಿಯೊಳಗೆ ಮರಿ ಹಾಕುವ ಕಡೆ ಬಂದಾಗ ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು. ಒಳಗಿನ ಕೋಣೆಯಲ್ಲಿದ್ದ ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಸೊಸೆಯ ನಗು ಕೇಳಿ ಮುದುಕಿಗೆ ಅಳು ಬಂದಿತ್ತು, ಆದರೆ ಅದನ್ನು ತೋರಿಸಿಕೊಳ್ಳದೆ, ಹುಚ್ಚು ಹಿಡೀತಾ ನಿಂಗೆ ಎಂದಳು.

ಅವತ್ತು ಊಟದಲ್ಲಿ ಅಮ್ಮ ಇಡೀ ಕಥೆ ಹೇಳಿದಳು. ಹೇಳಿ ಮುಗಿಸಿ, ತಟ್ಟೆಯಲ್ಲಿದ್ದ ಆಲೂಗಡ್ಡೆ ಚೂರನ್ನು ಬ್ರೆಡ್ಡಿನಲ್ಲಿ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

"ಇಷ್ಟು ದಿನ ಗಟ್ಟಿ ಗಟ್ಟಿ ಪುಸ್ತಕ ಬರ್ಕೊಂಡಿದ್ದವಳು ಕೊನೇಗೆ ನಗೋದೊಂದು ಇಟ್ಟಿದ್ದಾಳೆ. ನಾನು ಅಳ್ತಾ ಕೂತಿರ್ತೀನಿ ಅಂತ ಅವಳಿಗೆ ಗೊತ್ತಿತ್ತೇನೋ. ನನ್ನನ್ನ ಅವಳಷ್ಟು ಅರ್ಥ ಮಾಡ್ಕೊಂಡವರು ಈ ಮನೇಲಿ ಯಾರೂ ಇರಲಿಲ್ಲ."

ಚಿಕ್ಕವಳು ನೀರು ಕುಡಿದಳು. ಈ ಪುಸ್ತಕ ನಾನೇ ತಂದು ನಿನ್ನ ಯಂತ್ರದ ಮೇಲಿಟ್ಟಿದ್ದೆನಲ್ಲಮ್ಮ ಎಂದು ಹೇಳುವ ಹಾಗಿಲ್ಲ. ಅಮ್ಮನಿಗೆ ಅದು ನೆನಪಿರಲೇ ಇಲ್ಲ. ಅಪ್ಪ ಚಿಕ್ಕವಳ ತಟ್ಟೆಗೆ ತನ್ನ ಪಾಲಿನ ಮೊಟ್ಟೆ ದಾಟಿಸಿದ.

ಮುಂದಿನ ವಾರಗಳಲ್ಲಿ ಆ ಮನೆ ಸ್ವಲ್ಪ ಮನೆಯಂತಾಯಿತು. ಅಮ್ಮ ಮಧ್ಯಾಹ್ನದವರೆಗೆ ಹೊಲಿದು, ಆಮೇಲೆ ಓದುವುದೆಂದು ತಾನೇ ನಿಯಮ ಹಾಕಿಕೊಂಡಳು. ಶಾಲೆಯ ಮೇಡಂ ಬಟ್ಟೆಗಳನ್ನು ಮತ್ತೆ ತಂದರು. ಅಕ್ಕನ ಹಾಳೆಯ ಕೆಳಗೆ ಆಗೊಂದು ಈಗೊಂದು ಸಾಲು ಹುಟ್ಟುತ್ತಿತ್ತು. ನಾದಿನಿಯರ ಜಗಳದ ಪುಸ್ತಕ ಬಂತು. ಮೂರು ಸಲ ಮದುವೆ ತಪ್ಪಿಹೋದ ಅಂಚೆಯವನ ಪುಸ್ತಕ ಬಂತು. ಇಷ್ಟೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿತ್ತು ಈ ಹಾಳೆ ಎಂದು ಅಮ್ಮ ಒಮ್ಮೆಯೂ ಕೇಳಲಿಲ್ಲ. ನಂಬಬೇಕೆಂದು ಕೂತವರು ಹಾಳೆಯ ಉದ್ದ ಅಳೆಯುವುದಿಲ್ಲ. ಅಂಚೆಯವನು ಮೂರನೆಯ ಹುಡುಗಿಗೆ ಸುಳ್ಳು ಹೇಳಿದ್ದು ಸರಿಯೇ ತಪ್ಪೇ ಎಂದು ಒಂದು ಸಂಜೆ ಅಮ್ಮನಿಗೂ ಚಿಕ್ಕವಳಿಗೂ ವಾದವೇ ನಡೆಯಿತು. ಅಮ್ಮ ಕತ್ತರಿ ಆಡಿಸುತ್ತ ಒಂದು ಹೇಳಿದರೆ, ಚಿಕ್ಕವಳು ಸೊಪ್ಪು ಬಿಡಿಸುತ್ತ ಇನ್ನೊಂದು ಹೇಳಿದಳು. ನಿನಗೆ ಇಷ್ಟೆಲ್ಲ ಹೇಗೆ ಗೊತ್ತು, ನೀನೂ ಓದಿದ್ದೀಯಾ ಎಂದು ಅಮ್ಮ ನಿಲ್ಲಿಸಿ ಕೇಳಿದಳು. ಅಕ್ಕ ಹೇಳ್ತಿದ್ದಳು ಎಂದಳು ಚಿಕ್ಕವಳು. ಆ ಸುಳ್ಳಿಗೆ ಅವಳಿಗೆ ಬಹುಮಾನವೂ ಸಿಕ್ಕಿತು: ಅಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು, ಇನ್ನೇನು ಹೇಳ್ತಿದ್ದಳು ಹೇಳು ಎಂದಳು. ಎಷ್ಟೋ ತಿಂಗಳ ಮೇಲೆ ಅಮ್ಮನ ಮೊಣಕಾಲು ಅವಳ ಮೊಣಕಾಲಿಗೆ ತಾಗಿತ್ತು. ಅವಳು ಇನ್ನೂ ನಾಲ್ಕು ಸುಳ್ಳು ಹೇಳಿದಳು.

ಎಡವಿದ್ದು ದೋಣಿಯವಳ ಪುಸ್ತಕದಲ್ಲಿ. ಗಂಡ ಸತ್ತ ಮೇಲೆ ಅವನ ದೋಣಿಯನ್ನು ತಾನೇ ನಡೆಸುತ್ತ, ಹತ್ತಿದ ಪ್ರಯಾಣಿಕರನ್ನೆಲ್ಲ ಬಾಯಿಗೆ ಬಂದಂತೆ ಬೈಯುವ ಹೆಂಗಸಿನ ಕಥೆ. ಕಾಲೇಜಿನಲ್ಲಿ ಹುಡುಗಿಯರೆಲ್ಲ ಅದನ್ನೇ ಓದುತ್ತಿದ್ದರು. ಅಮ್ಮನಿಗೆ ಇದು ಹಿಡಿಸದಿದ್ದರೆ ಕೇಳು ಎಂದುಕೊಂಡು ಚಿಕ್ಕವಳು ಉತ್ಸಾಹದಲ್ಲಿ ಅದನ್ನೂ ಬರೆದಳು. ಪುಸ್ತಕ ಯಾವಾಗ ಅಚ್ಚಾಯಿತೆಂದು ನೋಡಲಿಲ್ಲ. ಓದುವ ಹುಚ್ಚಿರುವವರು ಆ ಪುಟವನ್ನು ದಾಟಿಕೊಂಡೇ ಒಳಗೆ ಹೋಗುವುದು.

ಅದು ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಚಿಕ್ಕವಳಿಗೆ ಪರೀಕ್ಷೆ ಇದೆ, ಅವಳನ್ನೇಕೆ ಓಡಿಸಲಿ ಎಂದು ತಾನೇ ಒಳ್ಳೆಯ ಸೀರೆಯುಟ್ಟುಕೊಂಡು ಲೈಬ್ರರಿಗೆ ಹೊರಟಳು. ಪುಸ್ತಕ ವಾಪಸ್ ಕೊಟ್ಟು, ಅದೇ ಲೇಖಕಿಯದು ಇನ್ನೊಂದಿದೆಯೇ ಎಂದು ಕೇಳುವುದಿತ್ತು. ಮೇಜಿನ ಹಿಂದಿದ್ದ ಹೆಂಗಸು ಒಳ್ಳೆಯವಳೇ. ಇದೇ ಮೊದಲನೆಯದು, ಬಂದು ಎರಡು ತಿಂಗಳೂ ಆಗಿಲ್ಲ, ಆಗಲೇ ಎಲ್ಲರೂ ಕೇಳುತ್ತಿದ್ದಾರೆ ಎಂದಳು. ಇರಲಾರದು, ನನ್ನ ದೊಡ್ಡ ಮಗಳು ಇದನ್ನು ಪಟ್ಟಿ ಮಾಡಿಟ್ಟಿದ್ದಳು, ಅವಳು ಹೋಗಿ ಎಂಟು ತಿಂಗಳಾಯಿತು ಎಂದು ಅಮ್ಮ ವಾದಿಸಿದಳು. ಆ ಹೆಂಗಸು ಪುಸ್ತಕ ಬಿಚ್ಚಿ ಇಸವಿ ತೋರಿಸಿದಳು. ಅಮ್ಮ ಇನ್ನೂ ವಾದಿಸಿದಳು. ಹಿಂದೆ ಸಾಲು ನಿಂತವರು ಗೊಣಗತೊಡಗಿದಾಗ ಆ ಹೆಂಗಸು, ಹೋಗಲಿ ಬಿಡಿ, ನಿಮ್ಮ ಮನೆಯಲ್ಲಿ ಇನ್ಯಾರಾದರೂ ಬರೆದಿರಬಹುದು ಎಂದು ಸಮಾಧಾನಕ್ಕೆ ಹೇಳಿದಳು.

ಅದು ಭಾನುವಾರ. ಬೇಕರಿಗೆ ಅರ್ಧ ದಿನ ರಜೆ, ಎಲ್ಲರೂ ಮನೆಯಲ್ಲಿದ್ದರು. ಅಮ್ಮ ಬಂದವಳು ಸೀರೆಯನ್ನೂ ಬದಲಿಸದೆ ಅಡುಗೆ ಮುಗಿಸಿದಳು. ಅಜ್ಜಿಗೆ ಮೆತ್ತಗೆ ಅನ್ನ ಮಾಡಿದಳು. ಎಲ್ಲರಿಗೂ ಬಡಿಸಿದಳು. ತಾನು ಕೂರಲಿಲ್ಲ.

"ದೋಣಿಯವಳ ಪುಸ್ತಕ ಯಾವಾಗ ಅಚ್ಚಾಯ್ತು, ಪುಟ್ಟಿ?"

ಚಿಕ್ಕವಳು ಸುಳ್ಳು ಹುಡುಕಲಿಲ್ಲ. ಹುಡುಕಿದ್ದರೂ ಸಿಗುತ್ತಿರಲಿಲ್ಲ.

"ನಾನೇ ಬರೆದೆ ಅಮ್ಮ."

"ಅದೊಂದೇನಾ?"

"ಇಲ್ಲ."

"ಬೆಕ್ಕಿನ ಡಾಕ್ಟರ್ದು?"

"ನಂದು."

"ನಾದಿನೀರ್ದು? ಅಂಚೆಯವನ್ದು?"

"ಹಡಗಿನ ಪುಸ್ತಕದವರೆಗೆ ಅಕ್ಕಂದು. ಆಮೇಲೆ ಎಲ್ಲ ನಂದು."

"ಅಂದ್ರೆ ನಾನು ನಕ್ಕಿದ್ದೆಲ್ಲ ನಿಂದು."

"ನಕ್ಕಿದ್ದು ತಪ್ಪಾ ಅಮ್ಮ?"

"ಅವಳು ನಗಿಸ್ತಿದ್ದಾಳೆ ಅನ್ಕೊಂಡು ನಕ್ಕೆ ಕಣೆ," ಎಂದಳು ಅಮ್ಮ. ದನಿ ಏರಿಸಲಿಲ್ಲ. ಏರಿಸಿದ್ದರೆ ಎಲ್ಲರಿಗೂ ಎಷ್ಟೋ ಹಗುರಾಗುತ್ತಿತ್ತು. "ಒಂದು ಸಲ ಕಳ್ಕೊಂಡಿದ್ದೆ. ಹೇಗೋ ಎದ್ದು ಕೂತಿದ್ದೆ. ಈಗ ಇನ್ನೊಂದು ಸಲ ಕಳ್ಕೊಂಡೆ. ಈ ಸಲ ಜ್ವರ ಅಲ್ಲ, ನೀನು."

ಇದು ಅನ್ಯಾಯದ ಮಾತು. ದುಃಖದಲ್ಲಿರುವವರಿಗೆ ಎಲ್ಲವನ್ನೂ ಮಾಫಿ ಮಾಡುವುದುಂಟು, ಆದರೆ ಹತ್ತೊಂಬತ್ತು ವರ್ಷದ ಹುಡುಗಿಗೆ ತಾಯಿಯಾದವಳು ಆಡಬಾರದ ಮಾತು ಅದು. ಅಪ್ಪ ಬಾಯಿ ತೆರೆದ, ಅವಳು ನಿನ್ನ ಒಳ್ಳೆಯದಕ್ಕೇ ಮಾಡಿದ್ದು, ನೀನು ಊಟ ಬಿಟ್ಟಿದ್ದೆ ಎಂದ. ಅಮ್ಮ ಗಂಡನ ಕಡೆ ತಿರುಗಿ, ನಿಮಗೂ ಗೊತ್ತಿತ್ತಾ ಎಂದು ಕೇಳಿದಳು. ಅವನು ಎದ್ದು ಕೈ ತೊಳೆಯಲು ಹೋದ. ನನಗಂತೂ ಗೊತ್ತಿರಲಿಲ್ಲ, ಈ ಮನೆಯಲ್ಲಿ ನನಗೆ ಯಾರು ಏನು ಹೇಳುತ್ತಾರೆ ಎಂದು ಅಜ್ಜಿ ನಡುವೆ ತನ್ನ ದೂರು ತೂರಿಸಿದಳು.

ಚಿಕ್ಕವಳು ಅಳುತ್ತಿರಲಿಲ್ಲ. ಎಂಟು ತಿಂಗಳಿಂದ ನುಂಗಿದ್ದು ಒಮ್ಮೆಗೇ ಬಾಯಿಗೆ ಬಂತು.

"ನಾನು ನನ್ನ ಹೆಸರಲ್ಲಿ ಕೊಟ್ಟಾಗ ಓದಿದ್ಯಾ ನೀನು? ಅದೇ ಬೆಕ್ಕಿನ ಪುಸ್ತಕಾನೇ ತಂದುಕೊಟ್ಟಿದ್ದೆ. ಬಟ್ಟೆ ಕಟ್ಟು ಇಟ್ಟೆ ಅದರ ಮೇಲೆ. ಅಕ್ಕಂದು ಅಂದ್ರೆ ತಲೆ ಮೇಲಿಟ್ಕೊಂಡು ಓದಿದೆ. ನಾನೂ ನಿನ್ನ ಮಗಳೇ ಅಲ್ವಾ?"

ಅಮ್ಮ ಫ್ರಿಜ್ಜಿನ ಹತ್ತಿರ ಹೋಗಿ ದೊಡ್ಡವಳ ಹಾಳೆಯನ್ನು ಬಿಡಿಸಿದಳು. ಯಂತ್ರದ ಮೇಲಿನ ದೊಡ್ಡ ಕತ್ತರಿ ತಂದಳು. ಹಡಗಿನ ಪುಸ್ತಕದ ಸಾಲಿನ ಕೆಳಗೆ ಉಗುರಿನಿಂದ ಗೀರಿ, ಪ್ಯಾಂಟಿನ ಅಂಚು ಕತ್ತರಿಸುವಷ್ಟು ನೇರವಾಗಿ ಕತ್ತರಿಸಿದಳು. ಮೇಲಿನ ತುಂಡನ್ನು ತಿರುಗಿ ಅಂಟಿಸಿದಳು. ಕೆಳಗಿನ ಪಟ್ಟಿಯನ್ನು ಚಿಕ್ಕವಳ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದು ನಿಂದು, ತಗೋ."

ಅಲ್ಲಿಂದ ಮುಂದೆ ಮನೆಯಲ್ಲಿ ಜಗಳವಿರಲಿಲ್ಲ. ಜಗಳವಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅಮ್ಮ ಬೆಳಗಿನಿಂದ ಸಂಜೆಯವರೆಗೆ ಹೊಲಿದಳು. ಬಾಕಿಯಿದ್ದ ಕೆಲಸವೆಲ್ಲ ಮುಗಿದು, ಮನೆಯ ಹಳೆಯ ದಿಂಬಿನ ಗವಸುಗಳನ್ನು ಬಿಚ್ಚಿ ಮತ್ತೆ ಹೊಲಿದಳು. ಚಿಕ್ಕವಳು ಪರೀಕ್ಷೆ ಬರೆದು ಬಂದಳು. ಹೇಗಾಯಿತೆಂದು ಅಪ್ಪ ಕೇಳಿದ. ಊಟದ ಹೊತ್ತಿಗೆ ಚಮಚದ ಸದ್ದು, ಅಜ್ಜಿ ಅಗಿಯುವ ಸದ್ದು. ಅಮ್ಮನ ತಟ್ಟೆಯ ಅನ್ನ ಮುಟ್ಟಿದ್ದಕ್ಕಿಂತ ಮುಟ್ಟದ್ದೇ ಹೆಚ್ಚಿರುತ್ತಿತ್ತು. ಒಂದು ಬೆಳಿಗ್ಗೆ ಅವಳು ಯಂತ್ರದ ಮುಂದಿನಿಂದ ಏಳಲು ಹೋಗಿ ಕಣ್ಣು ಕತ್ತಲಿಟ್ಟು ಕೂತುಬಿಟ್ಟಳು. ಅಜ್ಜಿ ಸಕ್ಕರೆ ನೀರು ಕುಡಿಸಿದಳು. ಸೊಸೆ ಮಲಗಿದ ಮೇಲೆ ಮೊಮ್ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಿನ್ನ ಅಮ್ಮಂಗೆ ಏನಾದ್ರೂ ಓದಕ್ಕೆ ಕೊಡೆ."

"ನಾನು ಕೊಟ್ರೆ ಓದಲ್ಲ ಅಜ್ಜಿ."

"ಓದ್ತಾಳೆ, ಕೊಡು. ಮಗಳು ಕೊಟ್ಟಿದ್ದು ಬೇಡ ಅಂತಾಳಾ? ಕೋಪ ಎಷ್ಟು ದಿನ ಇರುತ್ತೆ?"

ಅಜ್ಜಿಗೆ ಮನುಷ್ಯರ ಕೋಪ ಚೆನ್ನಾಗಿ ಗೊತ್ತು. ಚಿಕ್ಕವಳು ಹಿಂದು ಮುಂದು ನೋಡಿ, ಲೈಬ್ರರಿಗೆ ಹೋಗಿ ಒಂದಿಡೀ ಸಂಜೆ ಹುಡುಕಿ ಒಂದು ಪುಸ್ತಕ ತಂದಳು. ಗಡಿಯಾರ ರಿಪೇರಿಯವನಿಗೂ ಅವನ ಎದುರು ಮನೆಯ ಸಂಗೀತದ ಮೇಷ್ಟ್ರಿಗೂ ನಡೆಯುವ ಮೂವತ್ತು ವರ್ಷದ ವೈರದ ಕಥೆ. ಇದು ನಂದು ಅಮ್ಮ, ನೀನು ಓದಬೇಕು ಅಂತ ತಂದೆ ಎಂದು ನೇರವಾಗಿ ಹೇಳಿ ಕೈಗೇ ಕೊಟ್ಟಳು. ಅಮ್ಮ ತೆಗೆದುಕೊಂಡಳು. ಬಟ್ಟೆಯ ಕಟ್ಟು ಇಡಲಿಲ್ಲ. ಮೂರ್ನಾಲ್ಕು ದಿನ ಪುಸ್ತಕ ಅವಳ ತೊಡೆಯ ಮೇಲಿತ್ತು. ಚಿಕ್ಕವಳು ಕಾಲೇಜಿನಿಂದ ಬಂದ ಕೂಡಲೇ ಮೊದಲು ನೋಡುತ್ತಿದ್ದುದು, ಪುಟ ಎಲ್ಲಿಗೆ ಬಂದಿದೆ ಎಂದು.

ಐದನೆಯ ದಿನವೋ ಆರನೆಯ ದಿನವೋ, ಅಮ್ಮ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕವನ್ನು ವಾಪಸ್ ಕೊಟ್ಟಳು.

"ಆಗ್ತಿಲ್ಲ ಪುಟ್ಟಿ."

"ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ನೀನು ತಂದಿದ್ದು ಎಲ್ಲಾನೂ ಚೆನ್ನಾಗೇ ಇತ್ತು. ಕಣ್ಣು ಸಾಲಿನ ಮೇಲೆ ಹೋಗುತ್ತೆ, ಒಳಗೆ ಏನೂ ಇಳಿಯಲ್ಲ. ಅವಳು ಓದಬೇಕು ಅಂತಿದ್ದದ್ದು ಅಂದಾಗ ಒಂದೊಂದು ಅಕ್ಷರಾನೂ ಇಳೀತಿತ್ತು." ಅಮ್ಮ ಮಗಳ ಜಡೆಯಿಂದ ಹೊರಬಂದಿದ್ದ ಕೂದಲನ್ನು ಒಳಕ್ಕೆ ಸಿಕ್ಕಿಸಿದಳು. "ನಿನ್ನ ಮೇಲೆ ಕೋಪಕ್ಕಲ್ಲ ಕಣೆ. ಅವತ್ತು ಆಡಬಾರದ್ದು ಆಡಿಬಿಟ್ಟೆ. ಕೋಪ ಯಾವಾಗ್ಲೋ ಹೋಯ್ತು. ಹೋದ್ಮೇಲೂ ಆಗ್ತಿಲ್ಲ. ಏನ್ ಮಾಡ್ಲಿ ಹೇಳು."

ಇದಕ್ಕಿಂತ ಅವತ್ತಿನ ಕತ್ತರಿಯೇ ಮೇಲಾಗಿತ್ತು. ಕೋಪವಾಗಿದ್ದರೆ ಕಾಯಬಹುದು. ಅಮ್ಮ ಎಷ್ಟು ಅಕ್ಕರೆಯಿಂದ ಕೂದಲು ಸಿಕ್ಕಿಸಿದಳೋ ಅಷ್ಟೇ ಸ್ಪಷ್ಟವಾಗಿ ಚಿಕ್ಕವಳಿಗೆ ಗೊತ್ತಾಯಿತು, ತನ್ನ ಹೆಸರಿಗೆ ಆ ಶಕ್ತಿ ಇಲ್ಲ ಎಂದು. ಅವಳಿಗೆ ಎದ್ದುಹೋಗಿ ಎಲ್ಲಾದರೂ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಆದರೆ ಅಮ್ಮನ ಮಣಿಕಟ್ಟು ಅವಳ ಕಣ್ಣೆದುರೇ ಇತ್ತು. ಬಳೆ ಮೊಣಕೈಯವರೆಗೆ ಸಲೀಸಾಗಿ ಜಾರುತ್ತಿತ್ತು.

"ಹಾಗಾದ್ರೆ ಇದು ಅಕ್ಕಂದು ಅಂತ ಓದು," ಎಂದಳು.

"ಅಲ್ಲ ಅಂತ ಗೊತ್ತಿದ್ದೂನಾ?"

"ಗೊತ್ತಿದ್ರೆ ಏನೀಗ. ಅಕ್ಕನೇ ತಂದಿದ್ದು ಅನ್ಕೋ. ನಂಗೇನೂ ಬೇಜಾರಿಲ್ಲ."

ಅಮ್ಮ ಅವಳ ಮುಖವನ್ನೇ ನೋಡಿದಳು. ಬೇಡ ಎನ್ನುತ್ತಾಳೆಂದು ಚಿಕ್ಕವಳು ಕಾದಳು. ಬೇಡ ಎನ್ನಲಿ ಎಂದೂ ಕಾದಳು. ನಿನ್ನದಾಗಿಯೇ ಓದುತ್ತೇನೆ, ಎಷ್ಟು ದಿನ ಹಿಡಿದರೂ ಓದುತ್ತೇನೆ ಎಂದು ಒಂದು ಮಾತು ಬಂದಿದ್ದರೆ ಅವಳು ಆ ತಾಯಿಗೆ ಜೀವ ಕೊಡುತ್ತಿದ್ದಳು.

"ಅವಳಿಗೆ ಇದು ಇಷ್ಟ ಆಗ್ತಿತ್ತಾ?" ಎಂದು ಅಮ್ಮ ಕೇಳಿದಳು.

ಎರಡನೆಯ ಪುಟಕ್ಕೇ ಆಕಳಿಸಿ, ಬರೀ ಹರಟೆ ಎಂದು ಎಸೆಯುತ್ತಿದ್ದಳು ದೊಡ್ಡವಳು. ಅದು ಇಬ್ಬರಿಗೂ ಗೊತ್ತಿತ್ತು.

"ತುಂಬ ಇಷ್ಟ ಆಗ್ತಿತ್ತು," ಎಂದಳು ಚಿಕ್ಕವಳು.

ಅಮ್ಮ ಕೈ ಚಾಚಿ ಪುಸ್ತಕ ತೆಗೆದುಕೊಂಡಳು.

ಆಮೇಲೆರಡು ದಿನಕ್ಕೆ, ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದಾಗ, ಅಮ್ಮ ತಾನಾಗಿಯೇ, ಆ ಗಡಿಯಾರದವನು ಮೇಷ್ಟ್ರ ಮೇಲಿನ ಹಟಕ್ಕೆ ಬೀದಿಯ ಗಡಿಯಾರಗಳನ್ನೆಲ್ಲ ಹತ್ತು ನಿಮಿಷ ಮುಂದಿಟ್ಟುಬಿಟ್ಟ ಎಂದಳು. ಅಪ್ಪ ತಲೆಯೆತ್ತಿದ. ಅಜ್ಜಿ ಅಗಿಯುವುದನ್ನು ನಿಲ್ಲಿಸಿ, ಪರವಾಗಿಲ್ಲವೇ, ಯಾರು ಕೊಟ್ಟರು ಈ ಪುಸ್ತಕ ಎಂದು ಮೊಮ್ಮಗಳ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅಮ್ಮನ ತುತ್ತು ಹಿಡಿದ ಕೈ ತಟ್ಟೆಯ ಮೇಲ್ಗಡೆ ನಿಂತುಬಿಟ್ಟಿತು.

"ಅಕ್ಕ," ಎಂದಳು ಚಿಕ್ಕವಳು, ಅಜ್ಜಿಯ ತಟ್ಟೆಗೆ ಅನ್ನ ಹಾಕುತ್ತ.

ಅಮ್ಮ ತುತ್ತನ್ನು ಬಾಯಿಗಿಟ್ಟು ಅಗಿದು ನುಂಗಿದಳು. ಆಮೇಲೆ ಮುಂದಿನ ಕಥೆ ಹೇಳತೊಡಗಿದಳು.